ಕ್ಷೌರದಂಗಡಿಯ ಮೇಲಿನ ಮನೆ

ಅಣ್ಣ ತೀರಿಕೊಂಡ ಮೇಲೆ ಅವನ ಕ್ಷೌರದಂಗಡಿ, ಅದರ ಮೇಲಿನ ಎರಡು ಕೋಣೆಯ ಮನೆ, ಎಲ್ಲ ಅತ್ತಿಗೆಯ ಪಾಲು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಪ್ಪ ಬೆವರು ಸುರಿಸಿ ಕಟ್ಟಿಸಿದ ಮನೆ ಅವಳಿಗೇಕೆ? ಅವಳನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗದು. ಜಿಪುಣ ಅಪ್ಪ ಖರ್ಚು ಉಳಿಯಲಿ ಎಂದು ಅಣ್ಣನ ಮದುವೆ, ನನ್ನ ಮದುವೆ ಎರಡನ್ನೂ ಒಂದೇ ವೇದಿಕೆಯಲ್ಲಿ ಮುಗಿಸಿದ್ದ. ಬೇಕಾದರೆ ಫೋಟೋ ನೋಡಿ, ಮಹಾರಾಣಿ ಮುಂದೆ, ನನ್ನ ಅರ್ಧ ಮುಖ ಅವಳ ಭುಜದ ಹಿಂದೆ! ಇಬ್ಬರಿಗೂ ಮಕ್ಕಳಾಗಲಿಲ್ಲ, ಅದೊಂದರಲ್ಲಿ ಮಾತ್ರ ಸಮ.

ನಾನು ಬಿಡುವವಳಲ್ಲ. ವಕೀಲರನ್ನು ಹಿಡಿದೆ. ಅವರು ಕೆದಕಿದಾಗ ಗೊತ್ತಾಯಿತು, ಅಣ್ಣನ ಮದುವೆ ಮಾಡಿಸಿದ ಮುದುಕ ಪಾದ್ರಿಯ ಮದುವೆ ಮಾಡಿಸುವ ಪರವಾನಗಿಯನ್ನು ಸರ್ಕಾರ ಆ ಮದುವೆಗೆ ಒಂದು ವರ್ಷ ಮೊದಲೇ ಕಿತ್ತುಕೊಂಡಿತ್ತಂತೆ. ಕಾನೂನಿನ ಪ್ರಕಾರ ಅದು ಮದುವೆಯೇ ಅಲ್ಲ! ನನಗೆ ಸ್ವರ್ಗಕ್ಕೆ ಮೂರೇ ಗೇಣು. ಕೋರ್ಟೂ ಹಾಗೆಯೇ ಹೇಳಿತು.

ಬೀಗದಕೈ ಇಸಿದುಕೊಳ್ಳಲು ವಕೀಲರ ಜೊತೆ ಹೋದೆ. ನನ್ನ ಗಂಡನೂ ಬಂದಿದ್ದರು. ಗಡಿಯಾರ ರಿಪೇರಿಯವರು, ನಾನು ಗದರಿದರೆ ತಟ್ಟೆ ಬಿಟ್ಟು ಏಳುವ ಪ್ರಾಣಿ. ಅವಳು ಪೆಟ್ಟಿಗೆಯಲ್ಲಿ ಅಣ್ಣನ ಕ್ಷೌರದ ಕತ್ತಿ ಇಟ್ಟುಕೊಳ್ಳುತ್ತಿದ್ದಳು.

"ಅದು ನಮ್ಮಣ್ಣಂದು, ಇಲ್ಲಿಡು," ಎಂದೆ.

"ಇಷ್ಟು ವರ್ಷ ನಾನೇ ಕಣೇ ಅದನ್ನ ಮಸೆದು ಕೊಟ್ಟಿದ್ದು. ಇದೊಂದು ಬಿಡೇ ತಾಯಿ."

"ನೀನು ಅವನಿಗೆ ಯಾರು ಅಂತ ಕೊಡಲಿ? ಕೋರ್ಟಲ್ಲಿ ಕೇಳಿಸಲಿಲ್ವಾ?"

ಕಿತ್ತುಕೊಂಡೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು. ಎಲ್ಲಿಗೆ ಹೋದಳೋ, ನಾನು ಕೇಳಲಿಲ್ಲ.

ಆಗ ನನ್ನ ಗಂಡ ಬಾಯಿಬಿಟ್ಟರು. "ಸಾರ್, ಅದೇ ಮುದುಕ ಅದೇ ದಿನ ಇನ್ನೊಂದು ಮದುವೆ ಮಾಡಿಸಿದ್ರೆ?"

"ಅದೂ ಅಷ್ಟೇ. ಮದುವೆಯಲ್ಲ," ಎಂದರು ವಕೀಲರು, ಚೀಲದ ಜಿಪ್ ಎಳೆಯುತ್ತ.

ಇವರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಜೋರಾಗಿ ನಗುವುದು ಈ ಮನುಷ್ಯನಿಗೆ ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

"ಏನ್ರೀ ಹಾಗೆ ಹಲ್ಲು ಕಿಸೀತೀರಾ? ನಡೀರಿ ಮನೆಗೆ."

"ಯಾರ ಮನೆಗೆ? ಅದು ನಮ್ಮಮ್ಮನ ಮನೆ, ನನ್ನ ಹೆಸರಲ್ಲಿದೆ. ನಿಂಗೆ ನಿನ್ನ ಮನೆ ಸಿಕ್ತಲ್ಲ, ಇಲ್ಲೇ ಇರು."

ಒಂದೆರಡು ದಿನದ ಹುಚ್ಚು, ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ನನ್ನ ಬಟ್ಟೆಬರೆಯನ್ನು ಆಟೋದಲ್ಲಿ ಕಳಿಸಿದರು. ವಕೀಲರ ಹತ್ತಿರ ಓಡಿದೆ. "ನೀವೇ ಗೆದ್ದ ಕೇಸಮ್ಮ," ಎಂದು ಕೈ ಚೆಲ್ಲಿದರು.

ಈಗ ಕೆಳಗಿನ ಅಂಗಡಿಯನ್ನು ಒಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದೇನೆ, ಅಣ್ಣನ ಕತ್ತಿಯ ಸಮೇತ. ಇವರು ಗಡ್ಡ ಮಾಡಿಸಿಕೊಳ್ಳಲು ಬೇಕೆಂದೇ ಅಲ್ಲಿಗೆ ಬರುತ್ತಾರೆ. ಮೆಟ್ಟಿಲು ಮಾತ್ರ ಹತ್ತುವುದಿಲ್ಲ.

ಇವತ್ತು ಕ್ಷೌರಿಕ ಕೇಳಿದ್ದು ನನಗೆ ಮೇಲೆ ಕೇಳಿಸಿತು. "ಮನೆಯವರು ಹೇಗಿದ್ದಾರೆ ಸಾರ್?"

"ನಂಗೆಲ್ಲಿ ಬಂತಪ್ಪ ಮನೆಯವರು? ಈಗೊಂದು ಹೆಣ್ಣು ಗೊತ್ತಾಗಿದೆ. ನನ್ನದಿದು ಮೊದಲನೇ ಮದುವೆ, ರಿಜಿಸ್ಟ್ರಾರ್ ಆಫೀಸಲ್ಲೇ ಮಾಡ್ಕೋತೀನಿ."

ಕೆಳಗಿಳಿದು ಕಪಾಳಕ್ಕೆ ಬಾರಿಸಬೇಕೆಂದು ದಡದಡನೆ ಎದ್ದೆ. ಅರ್ಧ ಮೆಟ್ಟಿಲಿಗೆ ನಿಂತುಬಿಟ್ಟೆ. ಬಾರಿಸಲು ನಾನು ಅವರಿಗೆ ಯಾರು?