ಹತ್ತು ಹೇಳುವ ಮೊದಲು

"ಮೂರು… ನಾಲ್ಕು… ಉಸಿರು ಹಿಡ್ಕೋಬೇಡಿ, ಬಿಡಿ," ಎಂದ ಉಮಾಶಂಕರ, ಗುರುಗಳ ದನಿಯಲ್ಲಿ. ಇಂಗ್ಲೆಂಡಿನ ಶೆಫೀಲ್ಡಿನ ಐಸ್ ರಿಂಕ್‌ನ ಕಾರಿಡಾರಿನಲ್ಲಿ, ಕರಿಯ ರಬ್ಬರ್ ಹಾಸಿನ ಮೇಲೆ ಇಬ್ಬರು ಮಕ್ಕಳು ಮಂಡಿ ಮಡಚಿ, ಅಗಲಿಸಿ ಕೂತು ಹಾಗೇ ಹಿಂದಕ್ಕೆ ಒರಗಿದ್ದರು. ಒಬ್ಬಳು ಮೇಸಿ, ಮಕ್ಕಳ ಐಸ್ ಹಾಕಿ ತಂಡದ ಮೊದಲ ಗೋಲ್‌ಕೀಪರ್. ಇನ್ನೊಬ್ಬ ಉಮಾಶಂಕರನ ಮಗ ಸ್ಕಂದ, ಎರಡನೆಯ ಗೋಲ್‌ಕೀಪರ್.

ಗೋಲ್‌ಕೀಪರ್‌ಗಳ ತಯಾರಿಯೇ ಬೇರೆ. ಉಳಿದ ಮಕ್ಕಳು ಕ್ರಿಸ್ಪ್ಸ್ ತಿನ್ನುತ್ತ ಗಲಾಟೆ ಮಾಡುವ ಹೊತ್ತಿನಲ್ಲಿ ಇವರು ಟೆನಿಸ್ ಚೆಂಡನ್ನು ಗೋಡೆಗೆಸೆದು ಒಂದೇ ಕೈಯಲ್ಲಿ ಹಿಡಿಯಬೇಕು. ಕಣ್ಣು ಮುಚ್ಚಿ ಕೂತು, ಬರಬಹುದಾದ ಹೊಡೆತಗಳನ್ನೆಲ್ಲ ಮನಸ್ಸಿನಲ್ಲೇ ತಡೆದು ನೋಡಬೇಕು. ಐಸ್ ಮೇಲೆ ಎರಡೂ ಮಂಡಿಯೂರಿ ಕಾಲುಗಳನ್ನು ಆಚೀಚೆ ಚಾಚಿ ಬೀಳುವುದು, ಬಿದ್ದ ಮರುಕ್ಷಣ ಏಳುವುದು, ಇದೇ ಅವರ ಆಟವಾದ್ದರಿಂದ ಸೊಂಟ, ತೊಡೆ ಸಡಿಲ ಮಾಡಿಕೊಳ್ಳಬೇಕು. ಈ ಕೊನೆಯ ಕೆಲಸವನ್ನು ಕೋಚ್ ಉಮಾಶಂಕರನಿಗೆ ವಹಿಸಿದ್ದ. "ನಿಮಗೆ ಯೋಗ ಬರುತ್ತಲ್ಲ, ಶಂಕರ್?" ಎಂದು ಒಂದು ದಿನ ಕೇಳಿದ. ಉಮಾಶಂಕರ ತಲೆಯಾಡಿಸಿಬಿಟ್ಟ.

ಪುಣ್ಯಾತ್ಮ, ಬಸವನಗುಡಿಯ ಶಾಲೆಯಲ್ಲಿ ಯೋಗದ ಪೀರಿಯಡ್ ಬಂತೆಂದರೆ ಹೊಟ್ಟೆನೋವೆಂದು ಹೇಳಿ ಲೈಬ್ರರಿಯಲ್ಲಿ ಕೂರುತ್ತಿದ್ದ ಗಿರಾಕಿ. ಈಗಲೂ ಬಗ್ಗಿದರೆ ಕೈ ಮಂಡಿಯಿಂದ ಕೆಳಗೆ ಇಳಿಯುವುದಿಲ್ಲ. ಪ್ರಾಕ್ಟೀಸಿನ ಹಿಂದಿನ ದಿನ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಮಾರನೆಯ ದಿನ ಅದನ್ನೇ ಒಪ್ಪಿಸುತ್ತಿದ್ದ. ಎಣಿಕೆ ಮಾತ್ರ ಕನ್ನಡದಲ್ಲಿ. ಮಕ್ಕಳಿಗೆ ಅದು ಮಂತ್ರದಂತೆ ಕೇಳಿ ಖುಷಿಯಾಗಿತ್ತು. 'ಹತ್ತು' ಅಂದರೆ ಏಳಬಹುದು, ಅಷ್ಟು ಅವರಿಗೆ ಗೊತ್ತು. ವರ್ಷಗಟ್ಟಲೆ ಈ ರಿಂಕ್‌ನ ಗೋಡೆಗೊರಗಿ ಪೇಪರ್ ಕಪ್ಪಿನ ಚಹಾ ಹಿಡಿದು ಒಬ್ಬನೇ ನಿಲ್ಲುತ್ತಿದ್ದವನನ್ನು ಈಗ ಬೇರೆ ಮಕ್ಕಳ ತಾಯಂದಿರು ಹುಡುಕಿಕೊಂಡು ಬಂದು ಬೆನ್ನುನೋವಿಗೆ ಏನು ಮಾಡಬೇಕೆಂದು ಕೇಳುತ್ತಿದ್ದರು. ಅವನು ಗಂಭೀರವಾಗಿ ಭುಜಂಗಾಸನ ಎನ್ನುತ್ತಿದ್ದ. ಮರ್ಯಾದೆಯ ರುಚಿ ಹತ್ತಿತ್ತು.

ಆದರೆ ಮಗನ ವಿಷಯದಲ್ಲಿ ಹೊಟ್ಟೆಯೊಳಗೆ ಒಂದು ಉರಿ ಇದ್ದೇ ಇತ್ತು. ಮೇಸಿ ಚೆನ್ನಾಗಿ ಆಡುತ್ತಿದ್ದುದರಿಂದ ಮುಖ್ಯ ಪಂದ್ಯಗಳೆಲ್ಲ ಅವಳಿಗೇ. ಸ್ಕಂದ ಎಲ್ಲರಂತೆ ಪೂರ್ತಿ ಪ್ಯಾಡ್ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕೂತು, ಆಟಗಾರರು ಐಸ್‌ಗೆ ಹೋದಾಗ ಬಂದಾಗ ಬಾಗಿಲು ತೆರೆದು ಮುಚ್ಚಬೇಕು. ಇವತ್ತು ನಾಟಿಂಗ್‌ಹ್ಯಾಮ್ ತಂಡದ ಜೊತೆ ಕಪ್ ಪಂದ್ಯ. ಹೆಂಡತಿ ಅಪೂರ್ವಾ ಆಸ್ಪತ್ರೆಯಲ್ಲಿ ಯಾರ ಯಾರ ಕೈಕಾಲೋ ಹಿಡಿದು ಡ್ಯೂಟಿ ಬದಲಾಯಿಸಿಕೊಂಡು, ಮಗನ ಆಟ ನೋಡಲು ಮೊದಲ ಸಲ ಬಂದಿದ್ದಳು. ಅವಳು ನೋಡುವುದು ಮಗ ಬಾಗಿಲು ಕಾಯುವುದನ್ನು. ಬೆಳಿಗ್ಗೆಯಿಂದ ಇದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು.

"ಏಳು… ಎಂಟು…" ಇಬ್ಬರ ಮುಖವೂ ಕೆಂಪಾಗಿತ್ತು. ಉಮಾಶಂಕರ ಬಗ್ಗಿ, ಮಗನಿಗೆ ಮಾತ್ರ ಕೇಳುವಂತೆ, "ನಿಂಗೆ ಸಾಕು ಕಣೋ, ಎದ್ದೇಳು," ಎಂದ. ಸ್ಕಂದ ಎದ್ದು ಕೂತ. ಮೇಸಿ ಕದಲಲಿಲ್ಲ. ಅವಳ ತುಟಿ ಹಲ್ಲಿನ ನಡುವೆ ಸಿಕ್ಕಿತ್ತು.

"ತೊಡೆ ಒಳಗಡೆ ನೋಯ್ತಿದೆ, ಮಿಸ್ಟರ್ ಶಂಕರ್," ಎಂದಳು.

"ನೋವಿದ್ರೆ ಒಳ್ಳೇದೇ. ಉಸಿರು ಬಿಡು, ಅದರ ಜೊತೆ ಹೋಗುತ್ತೆ. ಒಂಬತ್ತು…"

ಹತ್ತು ಅನ್ನುವುದಕ್ಕೆ ಅವನಿಗೆ ಏನೂ ಅಡ್ಡಿಯಿರಲಿಲ್ಲ, ಆದರೂ ಅನ್ನಲಿಲ್ಲ. ಹುಡುಗಿಯ ತೊಡೆ ನಡುಗುವುದು ಕಾಣುತ್ತಿತ್ತು. ಗೋಡೆಯ ಮೇಲಿನ ಜಾಹೀರಾತನ್ನು ಓದುವವನಂತೆ ನೋಡುತ್ತ ನಿಂತ. ಕಾರಿಡಾರಿನ ಆ ಕೊನೆಯಿಂದ ಯಾರೋ ಬಾಗಿಲು ದೂಡಿಕೊಂಡು ಬಂದಾಗಲೇ ಅವನ ಬಾಯಿಂದ "ಹತ್ತು" ಹೊರಟದ್ದು. ಮೇಸಿ ಗೋಡೆ ಹಿಡಿದುಕೊಂಡು ಎದ್ದಳು, ಥ್ಯಾಂಕ್ಯೂ ಅಂದಳು, ಪ್ಯಾಡ್ ಕಟ್ಟಲು ಒಳಗೆ ಹೋದಳು.

ಪಂದ್ಯಕ್ಕೆ ಮುಂಚಿನ ವಾರ್ಮ್ ಅಪ್‌ನಲ್ಲಿ ಹುಡುಗರು ಒಬ್ಬೊಬ್ಬರಾಗಿ ಬಂದು ರಬ್ಬರ್ ಬಿಲ್ಲೆಯನ್ನು ಅವಳತ್ತ ಹೊಡೆಯತೊಡಗಿದರು. ಮೇಸಿ ಮಂಡಿಯೂರಿ ಬಿದ್ದಳು, ಎದ್ದಳು. ಮತ್ತೆ ಬಿದ್ದಳು. ಈ ಸಲ ಏಳಲಿಲ್ಲ. ಕೋಚ್ ಜಾರುತ್ತ ಹೋಗಿ ಅವಳನ್ನು ತೋಳು ಹಿಡಿದು ಹೊರಗೆ ತಂದ. ಬೆಂಚಿನ ಕಡೆ ತಿರುಗಿ ಸ್ಕಂದನಿಗೆ ಕೈ ಮಾಡಿದ.

"ಅಯ್ಯೋ ಪಾಪ, ಅಡಕ್ಟರ್ ಎಳೆದಿರಬೇಕು," ಎಂದಳು ಅಪೂರ್ವಾ, ಡಾಕ್ಟರಲ್ಲವೇ. "ಒಳತೊಡೆ ಸ್ನಾಯು. ಸರಿಯಾಗಿ ವಾರ್ಮ್ ಅಪ್ ಮಾಡಿಲ್ಲ ಅನ್ಸುತ್ತೆ." ಆಮೇಲೆ ಮಗ ಗೋಲಿನ ಕಡೆ ಹೋಗುವುದನ್ನು ಕಂಡು ಗಂಡನ ತೋಳು ಹಿಡಿದಳು. "ಶಂಕರ, ನಮ್ಮವನು ಆಡ್ತಾನೆ ಕಣೋ."

ಸ್ಕಂದ ಆಡಿದ. ಚೆನ್ನಾಗಿಯೇ ಆಡಿದ. ಬಿದ್ದು, ಎದ್ದು, ಮುಖದ ಮುಂದೆ ಬಂದದ್ದನ್ನು ಕೈಯಲ್ಲಿ ಹಿಡಿದು, ತಂಡವನ್ನು ಗೆಲ್ಲಿಸಿದ. ಅಪೂರ್ವಾ ಗಂಟಲು ಕಟ್ಟುವವರೆಗೆ ಕೂಗಿದಳು. ಪರಿಚಯವಿಲ್ಲದವರೆಲ್ಲ ಬಂದು ಉಮಾಶಂಕರನ ಬೆನ್ನು ತಟ್ಟಿದರು. ಇಷ್ಟು ವರ್ಷ ಇದಕ್ಕಾಗಿಯೇ ಕಾದಿದ್ದ. ಆದರೆ ಪ್ರತಿ ಸಲ ಬೆನ್ನಿಗೆ ಕೈ ಬಿದ್ದಾಗಲೂ ಅವನು ನಾಚಿಕೆಯಿಂದ ಕುಗ್ಗಿಹೋದ. ತಾನು ಬೇಕೆಂದೇ ಮಾಡಿದೆನೇ, ಇಲ್ಲವೇ? ಇಲ್ಲ ಎಂದುಕೊಂಡ. ಹಾಗಾದರೆ ಮಗನನ್ನು ಮಾತ್ರ ಯಾಕೆ ಎಬ್ಬಿಸಿದೆ?

ಅಪೂರ್ವಾ ಕಾರು ತರಲು ಹೋದಳು. ರಿಂಕ್‌ನ ಕೆಫೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ಕಂದ ಒದ್ದೆ ಕೂದಲಲ್ಲಿ ಬಂದು ಅಪ್ಪನ ಎದುರು ನಿಂತ. ಮನೆಯಲ್ಲಿ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ. ಸುತ್ತ ಇದ್ದವರನ್ನು ಒಮ್ಮೆ ನೋಡಿ, ದನಿ ತಗ್ಗಿಸಿ, ಒಂದೊಂದೇ ಪದ ಹುಡುಕಿಕೊಂಡು, "ಅಪ್ಪ, ನೀನು ಬೇಕು ಅಂತ ಮಾಡಿದ್ಯಾ?" ಎಂದ.

"ಏನೋ? ಏನ್ ಮಾಡ್ದೆ?"

"ನಂಗೆ ಎದ್ದೇಳು ಅಂದೆ. ಅವಳಿಗೆ ಹೇಳ್ಲಿಲ್ಲ."

"ಛೆ, ಹಾಗೇನಿಲ್ಲ ಕಣೋ. ಅವಳು ಸ್ಟ್ರಾಂಗು ಅಂತ…" ಸ್ಕಂದ ಅವನ ಮುಖವನ್ನೇ ನೋಡುತ್ತಿದ್ದ. ಆ ನೋಟ ತಪ್ಪಿಸಿಕೊಂಡು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು ಉಮಾಶಂಕರನಿಗೆ.

ಓಡುವುದೆಲ್ಲಿಗೆ? ಮೇಸಿಯನ್ನು ಕೈ ಹಿಡಿದು ನಡೆಸಿಕೊಂಡು ಅವಳ ತಾಯಿ ಇತ್ತಲೇ ಬರುತ್ತಿದ್ದಳು. ಮಗಳನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿ, ಸ್ಕಂದನ ಕೆನ್ನೆ ಸವರಿ, "ಹುಲಿ ಕಣಪ್ಪ ನೀನು," ಎಂದಳು. ಆಮೇಲೆ ಉಮಾಶಂಕರನತ್ತ ತಿರುಗಿದಳು. "ಶಂಕರ್, ನಿಮ್ಮನ್ನೇ ಹುಡುಕ್ತಿದ್ದೆ. ಇದು ವಾಸಿಯಾಗೋದಕ್ಕೆ ನಿಮ್ಮ ಯೋಗದಲ್ಲಿ ಏನಾದರೂ ಇರಬೇಕಲ್ಲ? ವಾರಕ್ಕೊಂದು ಸಲ ಮನೆಗೆ ಬಂದು ಹೇಳಿಕೊಡ್ತೀರಾ? ನಿಮ್ಮ ಮಾತಂದ್ರೆ ಅವಳಿಗೆ ತುಂಬ ನಂಬಿಕೆ."

"ನಾನೇ ಸರಿಯಾಗಿ ಉಸಿರು ಬಿಡಲಿಲ್ಲ," ಎಂದಳು ಮೇಸಿ. "ಸಾರಿ, ಮಿಸ್ಟರ್ ಶಂಕರ್."

ಮಗ ಇನ್ನೂ ಅಪ್ಪನನ್ನೇ ನೋಡುತ್ತಿದ್ದ. "ನನಗೆ ಯೋಗ ಬರೋದಿಲ್ಲ," ಎಂದ ಉಮಾಶಂಕರ. ದನಿ ತನಗೇ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಹೇಳಿದ. "ನಿಜವಾಗಿ ಬರೋದಿಲ್ಲ. ಯಾವತ್ತೂ ಕಲಿತಿಲ್ಲ. ವಿಡಿಯೋ ನೋಡಿ ಹೇಳ್ತಿದ್ದೆ."

ಮೇಸಿಯ ತಾಯಿ ನಕ್ಕುಬಿಟ್ಟಳು. "ಅಯ್ಯೋ, ನಿಮ್ಮ ಕಡೆಯವರದ್ದು ಇದೇ ಕಥೆ. ನಮ್ಮ ಬೀದಿಯ ಪಟೇಲರೂ ಹೀಗೇ, ಏನೂ ಗೊತ್ತಿಲ್ಲ ಅಂತಲೇ ಎಲ್ಲ ಮಾಡಿಬಿಡ್ತಾರೆ. ಶನಿವಾರ ಆಗುತ್ತಾ?"

ಈಗ ಹೇಳಬೇಕಾದದ್ದು ಇನ್ನೊಂದು ಉಳಿದಿತ್ತು, ಅದು ಅವನಿಗೂ ಗೊತ್ತು, ಮಗನಿಗೂ ಗೊತ್ತು. ಅವನು ಬಾಯಿ ತೆರೆದ. ಯಾರೋ ಅಡ್ಡ ಬಂದು ಗೆಲುವಿಗೆ ಕೈ ಕುಲುಕಿ ಹೋದರು. "ಶನಿವಾರ… ನೋಡೋಣ," ಎಂದ.

ಸ್ಕಂದ ಕಣ್ಣು ತಿರುಗಿಸಿಕೊಂಡ. ಮೇಸಿ ಬೆಂಚಿನ ಮೇಲೆ ಕೂತು ತನ್ನ ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗುತ್ತಿದ್ದಳು, ಅರ್ಧಕ್ಕೆ ನಿಲ್ಲುತ್ತಿದ್ದಳು, ಮತ್ತೆ ಬಗ್ಗುತ್ತಿದ್ದಳು. ಸ್ಕಂದ ಹೋಗಿ ಕೆಫೆಯ ಕೊಳಕು ನೆಲದ ಮೇಲೆ ಅವಳ ಮುಂದೆ ಕೂತ. ಅವಳ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಲೇಸನ್ನು ಬಿಗಿಯಾಗಿ ಎಳೆದು ಗಂಟು ಹಾಕಿದ. ಇನ್ನೊಂದು ಪಾದವನ್ನು ನಿಧಾನವಾಗಿ, ನೋಯದ ಹಾಗೆ, ಎರಡೂ ಕೈಯಲ್ಲಿ ಎತ್ತಿಕೊಂಡ.