ಸುಮಿತಾ ಅಳೆದ ಓರೆ ಎತ್ತರ

೧

ಈ ಕತೆಯನ್ನು ದಿಬ್ಬದ ತುದಿಯಿಂದ ಹೇಳಲೋ ಬುಡದಿಂದ ಹೇಳಲೋ? ತುದಿಯಿಂದ ಶುರುಮಾಡಿದರೆ ಮೊದಲ ವಾಕ್ಯದಲ್ಲೇ ಹುಡುಗಿ ಸಾಯುತ್ತಾಳೆ. ಬುಡದಿಂದಾದರೆ ಒಂದು ಪುಟದಷ್ಟು ಹೊತ್ತು ಬದುಕಿರುತ್ತಾಳೆ. ಓದುಗರೇ, ಬುಡದಿಂದಲೇ ಹೋಗೋಣ. (ನೋಡಿ, ಆಗಲೇ ಬಾಯಿಬಿಟ್ಟೆ. ನನ್ನ ಬಾಯಲ್ಲಿ ಎಳ್ಳು ಕಾಳೂ ನೆನೆಯುವುದಿಲ್ಲ.)

೨

ಶ್ಯಾಮಲ ಹಾವೇರಿ ಕಡೆಯವಳು. ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದು ಎರಡು ವರ್ಷ. ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಲೆಕ್ಕದ ಟೀಚರ್. ಬೋರ್ಡಿನ ಮೇಲೆ ಎಷ್ಟು ಚೆಂದ ಶಂಕು ಬರೆದರೂ ಮಕ್ಕಳು ಅದನ್ನು ತ್ರಿಕೋನ ಎಂದೇ ಅನ್ನುತ್ತಿದ್ದರು. ಒಂದು ದಿನ ರೋಸಿಹೋಗಿ ಸೀಮೆಸುಣ್ಣ ಇಟ್ಟು ಕಿಟಕಿಯತ್ತ ಕೈತೋರಿಸಿದಳು.

"ಅದೇನ್ರಪಾ ಅಲ್ಲಿ ಕಾಣೂದು?"

"ಸೈನೈಡ್ ದಿಬ್ಬ ಮಿಸ್!"

"ಅದು ಶಂಕು. ಹೋಗಿ ಅಳದು ಬರ್ರಿ."

ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಬೂದಿಮಣ್ಣಿನ ರಾಶಿ ಅದು. ದೂರದಿಂದ ಶಂಕುವಿನ ಹಾಗೆಯೇ ಕಾಣುತ್ತದೆ. ಹತ್ತಿರ ಹೋದರೆ ಮೈತುಂಬ ಮಳೆ ಕೊರೆದ ಸೀಳುಗಳು. ಕೆಲವು ಸೀಳುಗಳ ಮೇಲೆ ಮಣ್ಣು ತೆಳ್ಳಗೆ ಹೆಪ್ಪುಗಟ್ಟಿ, ಗಟ್ಟಿ ನೆಲದಂತೆ ಮೋಸ ಮಾಡುತ್ತದೆ. ಅದಕ್ಕೇ ಇಲ್ಲಿನವರು ಯಾರೂ ದಿಬ್ಬವನ್ನು ನೇರ ಹತ್ತುವುದಿಲ್ಲ. ಆಡು ಹೋದ ದಾರಿ ಹಿಡಿದು ಸುತ್ತಿ ಸುತ್ತಿ ಹತ್ತುತ್ತಾರೆ. ಇದನ್ನು ಯಾರೂ ಶ್ಯಾಮಲಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

೩

ಊರಿಗಾಂನ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನ ಸುಮಿತಾ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಂಡು ಹೋಗಿ ಅಳೆದಳು. ಬುಡದ ಸುತ್ತಳತೆ ೨೬೪ ಮೀಟರ್, ಅಂದರೆ ತ್ರಿಜ್ಯ ೪೨. ಸರಿ. ಓರೆ ಎತ್ತರ, ಅಂದರೆ ತುದಿಯಿಂದ ಬುಡದವರೆಗಿನ ಇಳಿಜಾರಿನ ಉದ್ದ, ೯೭. ಎಲ್ಲರಂತೆ ಅವಳೂ ಆಡಿನ ದಾರಿಯಲ್ಲೇ ಹಗ್ಗ ಹಿಡಿದಿದ್ದಳು.

ಶನಿವಾರ ಶ್ಯಾಮಲ ಲೆಕ್ಕ ಹಾಕಿ ನಕ್ಕಳು. "ಮೂವತ್ತು ಮೀಟರ್ ದಾಟದ ದಿಬ್ಬ ನಿನ್ನ ಲೆಕ್ಕದಾಗ ಎಂಬತ್ತೇಳು ಮೀಟರ್ ಎತ್ತರ ಆತಲ್ಲವ್ವಾ! ಓರೆ ಎತ್ತರ ಅಂದ್ರ ನೇರ ಗೆರಿ. ಸುತ್ತಿ ಹೋದ್ರ ನಡಿಯೂದಿಲ್ಲ." ಕ್ಲಾಸೆಲ್ಲ ನಕ್ಕಿತು. ಸುಮಿತಾಳ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು: *ತಪ್ಪು. ನೇರವಾಗಿ ಅಳೆದು ತಾ.*

೪

(ಮೊದಲ ಕರಡಿನಲ್ಲಿ ಶನಿವಾರ ಸಂಜೆ ಮಳೆ ಬರಿಸಿರಲಿಲ್ಲ. ಎರಡನೆಯದರಲ್ಲಿ ಹುಡುಗಿಗೆ ಜ್ವರ ಬರಿಸಿ ಮಲಗಿಸಿದ್ದೆ. ಎರಡನ್ನೂ ಹರಿದು ಹಾಕಿದೆ. ನಾನೇನು ಕಟುಕನಲ್ಲ, ಆದರೆ ಅವಳು ಜ್ವರದಲ್ಲೂ ಎದ್ದು ಹೋಗುತ್ತಿದ್ದಳು. ಕ್ಲಾಸಿನ ನಗು ಅಂಥದ್ದು.)

ಭಾನುವಾರ ಬೆಳಿಗ್ಗೆ ಸುಮಿತಾ ಒಬ್ಬಳೇ ಹೋದಳು. ತುದಿಯಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, ನೇರ ಇಳಿದಳು. ಅರ್ಧ ದಾರಿಯಲ್ಲಿ, ಹಿಂದಿನ ಸಂಜೆಯ ಮಳೆಗೆ ನೆನೆದಿದ್ದ ಕಾಲಡಿಯ ಹೆಪ್ಪು ಒಡೆಯಿತು. ಮೇಲಿನ ಮಣ್ಣೆಲ್ಲ ಅವಳ ಮೇಲೆ ಜಾರಿತು. ಮಧ್ಯಾಹ್ನದ ಹೊತ್ತಿಗೆ ತೆಗೆದರು. ಹಗ್ಗ ಒಳಗೇ ಉಳಿಯಿತು.

೫

ಇಲ್ಲಿ ಶ್ಯಾಮಲ ನನ್ನ ಮೇಲೆ ಹರಿಹಾಯುತ್ತಾಳೆ.

"ಅಲ್ರೀ, ಆ ಕೆಂಪು ಸಾಲು ನನ್ನ ಕೈಲೆ ಯಾಕ ಬರಸಿದ್ರಿ? ಅಳಸ್ರಿ ಅದನ್ನ!"

ಅಳಿಸಬಹುದು. ಆದರೆ ಹೆಡ್‌ಮಾಸ್ಟರು ಆಗಲೇ ಸಾಕಷ್ಟು ಅಳಿಸಿದ್ದಾರೆ. ಭಾನುವಾರ ಶಾಲೆಗೆ ರಜ, ನಮಗೂ ಇದಕ್ಕೂ ಸಂಬಂಧವಿಲ್ಲ, ಬಾಯಿಬಿಟ್ಟೀರಿ ಜೋಕೆ, ಎಂದು ಮಕ್ಕಳಿಗೆ ತಾಕೀತು ಮಾಡಿದ್ದಾರೆ. ನಾನೂ ಅವರ ಜೊತೆ ಸೇರಲೆ? ಶ್ಯಾಮಲ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಸಂಕಟವಾಯಿತು, ಸುಳ್ಳೇಕೆ ಹೇಳಲಿ.

೬

ಹನ್ನೊಂದನೆಯ ದಿನ ಸುಮಿತಾಳ ತಾಯಿ ನರಸಮ್ಮ ನೋಟ್‌ಬುಕ್ ಹಿಡಿದು ಶಾಲೆಗೆ ಬಂದಳು. ಬಂಗಾರಪೇಟೆಯ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗುವವಳು, ಅಕ್ಷರ ಬಾರದವಳು. ಕ್ಲಾಸಿನ ಹೊಸ್ತಿಲ ಮೇಲೆಯೇ ಕೂತಳು.

"ಮಿಸ್ಸು, ಲೈನ್‌ನೋರೆಲ್ಲ ರೀಲ್ಸ್ ಮಾಡಕ್ಕೋಗಿ ಸತ್ಲು ಅಂತಾವ್ರೆ. ಮೊಬೈಲ್ ಕೊಡ್ಸಿದ್ದು ನಾನೇ. ನನ್ ಕೂಸನ್ನ ನಾನೇ ಸಾಯ್ಸ್‌ಬುಟ್ನಾ? ಇದ್ರಾಗೇನು ಬರ್ದವ್ಳೆ, ವಸಿ ಓದಿ."

ಮುಕ್ತಾಯ ಒಂದು: ಶ್ಯಾಮಲ ನಿಜ ಓದುತ್ತಾಳೆ. ಆಮೇಲೆ ನರಸಮ್ಮ ಏನು ಮಾಡುತ್ತಾಳೆಂದು ನಾಲ್ಕು ಸಲ ಬರೆದೆ. ಒಮ್ಮೆ ಹೊಡೆದಳು, ಒಮ್ಮೆ ಕಾಲು ಹಿಡಿದಳು. ನಾಲ್ಕೂ ನಾಟಕದಂತೆ ಕಂಡು ಹೊಡೆದುಹಾಕಿದೆ.

ಮುಕ್ತಾಯ ಎರಡು: ಕೆಂಪು ಸಾಲನ್ನು "ಶಭಾಷ್" ಎಂದು ಓದಿಬಿಡುತ್ತಾಳೆ. ತಾಯಿ ಕಣ್ಣೊರೆಸಿಕೊಂಡು ಹೋಗುತ್ತಾಳೆ, ಊರು ರೀಲ್ಸ್ ಎನ್ನುತ್ತಲೇ ಇರುತ್ತದೆ. ಇದನ್ನು ಬರೆದ ದಿನ ನನಗೆ ಊಟ ಸೇರಲಿಲ್ಲ.

ಆದದ್ದು ಇಷ್ಟು. ಶ್ಯಾಮಲ ಸುಮಿತಾ ಬರೆದ ನೀಲಿ ಸಾಲುಗಳ ಮೇಲಷ್ಟೇ ಬೆರಳಾಡಿಸುತ್ತ ಓದಿ ಪುಸ್ತಕ ಮುಚ್ಚಿದಳು. ನರಸಮ್ಮ ಅದನ್ನು ಮತ್ತೆ ತೆರೆದು ಬೆರಳಿಟ್ಟಳು.

"ಈ ಕೆಂಪುದು ಓದ್ದೆ ಬುಟ್ಬುಟ್ರಲ್ಲ. ನನ್ ಮಗಳತ್ರ ಕೆಂಪು ಪೆನ್ನೇ ಇರ್ಲಿಲ್ಲ ಮಿಸ್ಸು. ಇದ್ಯಾರು ಬರ್ದಿದ್ದು?"

ಶ್ಯಾಮಲ ನನ್ನತ್ತ ನೋಡಿದಳು. ನಾನು ಬೆಲ್ ಹೊಡೆಸಿದೆ. ಬಂಗಾರಪೇಟೆಯ ರೈಲಿಗೆ ಹೊತ್ತಾಯಿತೆಂದು ಯಾರದೋ ಬಾಯಲ್ಲಿ ಹೇಳಿಸಿದೆ.

"ಓಗ್ಲಿ ಬುಡಿ. ಇವತ್ತು ಕೂಲಿಗೋಗಾಕಿಲ್ಲ. ನೀವು ಓದೋಗಂಟ ಇಲ್ಲೇ ಇರ್ತೀನಿ."

ಪೆನ್ನು ಮುಚ್ಚಿಟ್ಟು ನಾನು ಎದ್ದು ಹೋಗಬಹುದು, ಓದುಗರೇ, ನೀವೂ ಹೋಗಬಹುದು. ಶ್ಯಾಮಲಳಿಗೆ ಹೋಗಲು ಇರುವುದು ಒಂದೇ ಬಾಗಿಲು, ಅಲ್ಲಿ ನರಸಮ್ಮ ಕೂತಿದ್ದಾಳೆ.