ನಳಿಗೆಗೆ ಕಟ್ಟಿದ ಫರ್ಶಿ ಕಲ್ಲು

ದೇವಿದಾಸನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದಾಗಲೆಲ್ಲ ಮನೆಗೆ ಏನಾದರೊಂದು ವಸ್ತು ಬರುತ್ತಿತ್ತು. ಅವಳನ್ನು ಕೇಳಿ ತರುವ ರೂಢಿ ಅವನಿಗಿರಲಿಲ್ಲ, ತಂದದ್ದನ್ನು ಬೇಡವೆನ್ನುವ ರೂಢಿ ಅವಳಿಗಿರಲಿಲ್ಲ. ಹೀಗಾಗಿ ಕಂಗ್ಟಿ ಎಂಬ ಊರಿನ ಅವರ ಮನೆಯಲ್ಲಿ ಅಳತೆ ತಪ್ಪಿದ ಚಪ್ಪಲಿಗಳೂ ಯಾರೂ ಉಡದ ಸೀರೆಗಳೂ ಹತ್ತು ವರ್ಷದಿಂದ ಸುಖವಾಗಿದ್ದವು. ಆ ವರ್ಷ ದಸರೆಗೆ ಮುಂಚೆ ಬಂದದ್ದು ಮಾತ್ರ ರೈಫಲ್.

ಅವನ ಹೆಂಡತಿ ಸುಂದರಬಾಯಿ ರೈಫಲ್ ಹಿಡಿದು ಆಗ ಒಂದು ವರ್ಷವಾಗಿತ್ತು. ಹತ್ತಿರದ ಪೇಟೆ ನಾರಾಯಣಖೇಡದ ಹಳೆಯ ಗೋದಾಮೊಂದರಲ್ಲಿ ನಿವೃತ್ತ ಹವಾಲ್ದಾರ ಆತ್ಮಾರಾಮ ಗುರಿ ಹೊಡೆಯುವ ಕ್ಲಬ್ಬು ತೆರೆದಿದ್ದ. ಜೋಳದ ಹೊಲದಲ್ಲಿ ಕವಣೆ ಬೀಸಿ ಗಿಳಿ ಓಡಿಸುತ್ತಿದ್ದ ಸುಂದರಬಾಯಿಯ ಕೈಚಳಕ ಅವನ ಕಣ್ಣಿಗೆ ಬಿದ್ದು, ಕರೆದು ಕೈಗೆ ಗಾಳಿ ರೈಫಲ್ ಕೊಟ್ಟ. ಹತ್ತು ಮೀಟರ್ ದೂರದ ಕಾಗದಕ್ಕೆ ಸೀಸದ ಸಣ್ಣ ಕಾಳು ಹೊಡೆಯುವ ಆಟ ಅದು. ಮೂವತ್ತೊಂದನೇ ವಯಸ್ಸಿನಲ್ಲಿ ಅವಳಿಗೆ ಹುಚ್ಚೇ ಹಿಡಿಯಿತು. ಅತ್ತೆ ಸಕ್ಕುಬಾಯಿ, "ಒಂದ್ ವರ್ಷ ಹೊಲ, ಮನಿ ನಾ ನೋಡ್ತೀನಿ. ಆಮ್ಯಾಲ ನನ್ ಕೈಲಿ ಆಗೂದಿಲ್ಲವ್ವ" ಎಂದಿದ್ದಳು. ಸುಂದರಬಾಯಿ ಒಪ್ಪಿದ್ದಳು. ಆ ವರ್ಷ ಮುಗಿಯುವ ಹೊತ್ತಿಗೆ ತಾಂಡೂರಿನ ಆಯ್ಕೆ ಪಂದ್ಯವಿತ್ತು. ಗುಂಡಿಗೆ ಹೆಚ್ಚೆಂದರೆ ಹತ್ತು ಅಂಕ. ನಲವತ್ತು ಗುಂಡಿಗೆ ಮುನ್ನೂರ ಎಪ್ಪತ್ತು ಬಂದರೆ ಮುಂದಿನ ಪಂದ್ಯಕ್ಕೆ ಹೈದರಾಬಾದು, ಬರದಿದ್ದರೆ ಮತ್ತೆ ಕವಣೆ.

ಕ್ಲಬ್ಬಿನ ಹಳೆಯ ಭಾರದ ರೈಫಲಿನಲ್ಲಿ ಅವಳು ಮುನ್ನೂರ ಎಪ್ಪತ್ತೆಂಟರ ತನಕ ಹೋಗಿದ್ದಳು. ಅಷ್ಟರಲ್ಲಿ ಈ ಉಡುಗೊರೆ ಬಂತು. ದೇವಿದಾಸ ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯ ಕೆಲಸಗಾರ, ವಾರಕ್ಕೊಮ್ಮೆ ಊರಿಗೆ ಬರುವವ. ಬೋನಸ್ಸನ್ನೆಲ್ಲ ಸುರಿದು ತಂದಿದ್ದ.

"ಒಳಗ ತೆಳ್ಳನ್ನ ಉಕ್ಕಿನ ಕೊಳವಿ, ಮ್ಯಾಲ ಕಾರ್ಬನ್ ಫೈಬರ್ ಸುತ್ತ್ಯಾರ. ವಿಮಾನಕ್ಕ ಹಾಕೋ ಮಾಲ್" ಎಂದ. "ಸಣ್ಣಾಕಿ ಇದ್ದಾಗಿಂದ ಕೊಡ, ಹುಲ್ಲಿನ ಹೊರಿ ಹೊತ್ತೀದಿ. ಆಟದಾಗರ ಯಾಕ ಭಾರ ಹೊರ್ತಿ?"

ಹೀಗೆ ಹೇಳಿದ ಗಂಡನಿಗೆ ಯಾವ ಬಾಯಿಂದ ಬೇಡವೆನ್ನುವುದು? ಅವಳ ಕಣ್ಣು ತುಂಬಿ ಬಂದಿತ್ತು. ಆದರೆ ರೈಫಲಿಗೆ ಪ್ರೀತಿ ಗೊತ್ತಾಗುವುದಿಲ್ಲ. ಮರುದಿನ ಗೋದಾಮಿನಲ್ಲಿ ಎತ್ತಿ ಹಿಡಿದಳು. ಮುಂದುಗಡೆ ತೂಕವೇ ಇಲ್ಲದ ನಳಿಗೆ ಅವಳ ಉಸಿರಿಗೊಮ್ಮೆ, ಎದೆಬಡಿತಕ್ಕೊಮ್ಮೆ ಅಲುಗುತ್ತಿತ್ತು. ಮೂರು ವಾರ ಹೊಡೆದರೂ ಮುನ್ನೂರ ಅರವತ್ತೊಂದು ದಾಟಲಿಲ್ಲ.

"ಬಂದೂಕ ಹೊತ್ತು ಗುಡ್ಡ ಹತ್ತಿ ಇಳಿಯೋರಿಗೆ ಇದು ಬರೋಬ್ಬರ್" ಎಂದ ಆತ್ಮಾರಾಮ. "ನಿಂತಲ್ಲೇ ನಿಂತು ಹೊಡಿಯೋರಿಗೆ ನಳಿಗಿ ತೂಕ ಬೇಕವ್ವ. ಹಳೀದೇ ಒಯ್ಯಿ. ನಿನ್ ಗಂಡಗ ಹೇಳು."

"ಅವರೇ ಕರ್ಕೊಂಡು ಹೊಂಟಾರ್ರಿ. ಮೊದಲ್ನೇ ಸಲ ನೋಡಾಕ ಬರ್ತಾರ. ಅವರ ಮುಂದ ಹೆಂಗ ಬ್ಯಾರೇದು ಹಿಡೀಲಿ?"

ಆತ್ಮಾರಾಮ ತಲೆ ಚಚ್ಚಿಕೊಂಡ. ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ನಡೆದ ದಿನಗಳವು. ಅವನೇ ಪೇಟೆಯ ಟೆಂಟಿನಲ್ಲಿ ಸರದಿ ಉಪವಾಸಕ್ಕೆ ಕೂತಿದ್ದ, ಜೊತೆಗೆ ಬರುವಂತಿರಲಿಲ್ಲ.

ಬಸ್ಸುಗಳು ನಿಂತು ಮೂರು ವಾರವಾಗಿತ್ತು. ಗಂಡ ಹೆಂಡತಿ ನಸುಕಿನಲ್ಲೇ ಮೋಟರ್ ಸೈಕಲ್ ಹತ್ತಿದರು. ನಾರಾಯಣಖೇಡ ದಾಟಿ, ಜಹೀರಾಬಾದ್ ದಾಟಿ, ತಾಂಡೂರಿನ ದಾರಿ ಹಿಡಿದು ಒಂದಿಷ್ಟು ಹೋಗುವುದರೊಳಗೆ ರಸ್ತೆ ಬಂದ್. ನಡುರಸ್ತೆಯಲ್ಲಿ ಒಲೆ ಹೂಡಿ ಊರಿಗೆ ಊರೇ ಅಡುಗೆ ಮಾಡುತ್ತಿತ್ತು. ವಂಟಾ ವಾರ್ಪು ಎನ್ನುವ ಆ ಚಳವಳಿಯಲ್ಲಿ ದಾರಿ ತಡೆಯುವವರೂ ಅವರೇ, ಉಣ್ಣಿಸುವವರೂ ಅವರೇ. ಉಣ್ಣಿಸದೆ ಯಾರನ್ನೂ ಮುಂದೆ ಬಿಡುತ್ತಿರಲಿಲ್ಲ.

ಅನ್ನದ ಹಂಡೆಯ ಪಕ್ಕ ಸೌಟು ಹಿಡಿದು ನಿಂತಿದ್ದ ಬಾಲಮಣಿ ಎಂಬ ಮುದುಕಿ ಉದ್ದನೆಯ ಪೆಟ್ಟಿಗೆಯನ್ನು ಕಂಡು ಬಿಚ್ಚಿಸಿದಳು. ಆಟದ ಬಂದೂಕೆಂದು ತಿಳಿದ ಮೇಲೆ ತಾನೂ ಒಮ್ಮೆ ಎತ್ತಿ ನೋಡಿದಳು.

"ಏನಿದು, ಪುಳ್ಳಿಕಡ್ಡಿ ಹಿಡ್ದಂಗ ಅದ. ಕೈಗೇ ಹತ್ತವಲ್ದು."

"ಹೊಸ ಮಾಲ್ ಅಜ್ಜಿ, ಹಗುರ ಇರೂದೇ ಅದರ ದೊಡ್ಡಸ್ತಿಕಿ" ಎಂದು ದೇವಿದಾಸ ನಕ್ಕ.

"ಇರಬಹುದಪ್ಪ. ಹಿಡಿಯಾಕಿ ಏನಂತಾಳ?"

ಎಲ್ಲರೂ ಸುಂದರಬಾಯಿಯ ಕಡೆ ನೋಡಿದರು. ಅವಳು ಎಲೆಯ ಮೇಲಿನ ಅನ್ನ ಕಲಸುತ್ತ, "ಛಲೋ ಅದರಿ" ಎಂದಳು. ಹಾಗೆ ಅಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗುರುತು ಪರಿಚಯವಿಲ್ಲದ ಮುದುಕಿ ಒಂದೇ ಉಸಿರಿಗೆ ಹೇಳಿದ್ದನ್ನು ತಾನು ಮೂರು ವಾರ ಗಂಟಲಲ್ಲಿಟ್ಟುಕೊಂಡು ತಿರುಗುತ್ತಿದ್ದೇನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಆದರೂ ಬಾಯಿ ಬಿಡಲಿಲ್ಲ.

ತಾಂಡೂರಿನಲ್ಲಿ ಪಂದ್ಯ ನಡೆದದ್ದು ಒಂದು ಶಾಲೆಯಲ್ಲಿ. ಮೇಷ್ಟ್ರುಗಳೆಲ್ಲ ಮುಷ್ಕರದಲ್ಲಿದ್ದುದರಿಂದ ಉದ್ದನೆಯ ಕೋಣೆ ಖಾಲಿ ಸಿಕ್ಕಿತ್ತು. ತೂಕ, ಅಳತೆ ಎಲ್ಲ ಪರೀಕ್ಷೆಯಾಗಿ ಹನ್ನೆರಡು ಮಂದಿ ಸಾಲಾಗಿ ನಿಂತರು. ಎಪ್ಪತ್ತೈದು ನಿಮಿಷದ ಸಮಯ. ಮೊದಲು ಅಂಕಕ್ಕೆ ಸೇರದ ಗುಂಡು ಎಷ್ಟು ಬೇಕಾದರೂ ಹೊಡೆದು ಕೈ ಹದ ಮಾಡಿಕೊಳ್ಳಬಹುದಿತ್ತು.

ಸುಂದರಬಾಯಿ ಹೊಡೆದಳು. ಎಂಟು. ಮತ್ತೆ ಎಂಟು. ಆಮೇಲೆ ಏಳು, ಅದೂ ಬಲಕ್ಕೆ. ನಳಿಗೆಯ ತುದಿ ಕರಿ ವೃತ್ತದ ಸುತ್ತ ಅಲೆಯುತ್ತಿತ್ತೇ ಹೊರತು ಎಲ್ಲೂ ನಿಲ್ಲುತ್ತಿರಲಿಲ್ಲ. ಹಗ್ಗದಾಚೆ ಬೆಂಚಿನ ಮೇಲೆ ದೇವಿದಾಸ ಹೊಸ ಅಂಗಿ ತೊಟ್ಟು ಕೂತಿದ್ದ. ಅವಳು ನಗುನಗುತ್ತಲೇ ಸೋತುಬಂದರೂ ಅವನಿಗೆ ಕಾರಣ ತಿಳಿಯುವುದಿಲ್ಲ. ಆ ರೈಫಲ್ಲೂ ಮನೆಯಲ್ಲಿ ಚಪ್ಪಲಿಗಳ ಪಕ್ಕ ಸೇರುತ್ತದೆ, ಅಷ್ಟೇ. ಅದನ್ನು ನೆನೆದಾಗ ಅವಳಿಗೆ ತಡೆಯಲಾಗಲಿಲ್ಲ. ರೈಫಲ್ ಕೆಳಗಿಟ್ಟು ತೀರ್ಪುಗಾರ್ತಿಯನ್ನು ಕರೆದಳು.

"ನಳಿಗಿಗೆ ತೂಕ ಕಟ್ಟಬಹುದೇನ್ರಿ ಮೇಡಂ?"

"ಕಟ್ಟಬಹುದು. ಒಟ್ಟು ಐದೂವರೆ ಕಿಲೋ ದಾಟಬಾರದು, ಮತ್ತೆ ನಂಗೆ ತೋರಿಸಬೇಕು. ಗಡಿಯಾರ ಮಾತ್ರ ನಿಲ್ಲಲ್ಲ."

ಸುಂದರಬಾಯಿ ಹಗ್ಗದ ಬಳಿ ಬಂದಳು. ದೇವಿದಾಸ ಗಾಬರಿಯಾಗಿ ಎದ್ದ.

"ಇದು ನನ್ಗ ಭಾಳ ಹಗುರ ಆಗ್ತದರಿ" ಎಂದಳು. "ಹೊರಾಕ ಛಲೋ ಅದ, ಹೊಡ್ಯಾಕ ಅಲ್ಲ. ಇದು ಬಂದಾಗಿಂದ ನನ್ ಗುರಿ ಕೆಟ್ಟದ. ನಿಮ್ಗ ಹೇಳಾಕ ಬಾಯಿ ಬರ್ಲಿಲ್ಲ."

ಅವನ ಮುಖ ಸಣ್ಣದಾಯಿತು. ಸುಂದರಬಾಯಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಅವನು ಹಣೆ ಉಜ್ಜಿಕೊಂಡು ಕೇಳಿದ.

"ಎಷ್ಟ್ ಭಾರ ಬೇಕು?"

"ಕಾಲ್ ಕಿಲೋಕ್ಕಿಂತ ಚೂರು ಹೆಚ್ಚು. ನಳಿಗಿ ಕೆಳಗ."

ಅಂಗಡಿಗಳೆಲ್ಲ ಮುಚ್ಚಿದ್ದವು. ಆದರೆ ಶಾಲೆಯ ಹಿಂದೆಯೇ ಫರ್ಶಿ ಕಲ್ಲು ಕೊಯ್ಯುವ ಅಂಗಳವಿತ್ತು, ಮನೆಯ ನೆಲಕ್ಕೆ ಹಾಸುವ ಕಲ್ಲು. ಬಿಲ್ಲೆಗಳ ಅಂಚಿನಿಂದ ಕೊಯ್ದೆಸೆದ ಪಟ್ಟಿಗಳು ಅಲ್ಲಿ ರಾಶಿ ಬಿದ್ದಿದ್ದವು. ಕಾವಲುಗಾರನಿಗೆ ಹೇಳಿ ದೇವಿದಾಸ ಗೇಣುದ್ದದ, ಕಿರುಬೆರಳ ದಪ್ಪದ ನಾಲ್ಕು ಪಟ್ಟಿ ಆರಿಸಿ, ಗಾಡಿಯಲ್ಲಿದ್ದ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿಕೊಂಡು ಓಡಿಬಂದ. ಹೊಸ ಅಂಗಿಯ ಮೇಲೆಲ್ಲ ಕಲ್ಲಿನ ಹಿಟ್ಟು. ಕಾರ್ಖಾನೆಯ ಕೈ, ರಬ್ಬರ್ ಬಿಗಿದರೆ ಕಲ್ಲು ಅಲ್ಲಾಡುವಂತಿರಲಿಲ್ಲ. ಸುಂದರಬಾಯಿ ಎತ್ತಿ ನೋಡಿ ಚೂರು ಮುಂದೆ ಅಂದಳು, ಮತ್ತೆ ಬೆರಳಗಲ ಹಿಂದೆ ಅಂದಳು. ಸಿಂಬಿಯ ಮೇಲೆ ಕೊಡ ಎಲ್ಲಿ ಕೂತರೆ ಕತ್ತಿಗೆ ಸುಖ ಎಂದು ತಿಳಿದವಳಿಗೆ ಇದೇನು ಮಹಾ.

ತೀರ್ಪುಗಾರ್ತಿ ತೂಗಿದಳು, ಅಳತೆಪಟ್ಟಿಯಿಟ್ಟು ಅಳೆದಳು, ನಗು ತಡೆಯಲಾಗದೆ ನಕ್ಕು ಒಪ್ಪಿಗೆ ಕೊಟ್ಟಳು. ಉಳಿದದ್ದು ನಲವತ್ತೆರಡು ನಿಮಿಷ, ನಲವತ್ತು ಗುಂಡು.

ಮೊದಲ ಗುಂಡು ಒಂಬತ್ತು, ಎರಡನೆಯದು ಹತ್ತು. ನಳಿಗೆ ಈಗ ಹೇಳಿದಲ್ಲಿ ನಿಲ್ಲುತ್ತಿತ್ತು. ಆಮೇಲೆ ಅವಳು ಎಣಿಸಲಿಲ್ಲ. ಹಗ್ಗದ ಕಡೆಗೂ ನೋಡಲಿಲ್ಲ. ಕೊನೆಯ ಗುಂಡು ಹಾರಿದಾಗ ಒಂದೂವರೆ ನಿಮಿಷ ಉಳಿದಿತ್ತು.

ಕಾಗದಗಳನ್ನು ಎರಡು ಸಲ ಎಣಿಸಿದರು. ಮುನ್ನೂರ ಎಪ್ಪತ್ತೆರಡು.

ಸುಂದರಬಾಯಿ ಮೊದಲು ಮಾಡಿದ್ದು ಅತ್ತೆಗೆ ಫೋನು. ಆ ಕಡೆಯಿಂದ ಸಕ್ಕುಬಾಯಿ, "ಹಂಗಾರ ಹೈದರಾಬಾದ್ ಮುಗಿಯೋ ತನಕ ನಾನೇ ನೋಡ್ತೀನಿ ತಗೋ" ಎಂದಳು.

ದೇವಿದಾಸ ರೈಫಲನ್ನು ಪೆಟ್ಟಿಗೆಗೆ ಇಳಿಸುತ್ತ, ಅವಳ ಮುಖ ನೋಡದೆ ಕೇಳಿದ. "ಖರೇ ಹೇಳು. ನಾ ತಂದದ್ದು ದಂಡ ಆತೇನು?"

ಅವಳು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ, ಯೋಚಿಸಿಯೇ ಹೇಳಿದಳು. "ಇಲ್ಲರಿ. ಹಳೇ ರೈಫಲ್‌ನಾಗ ಭಾರ ಅದನ್ನ ಮಾಡ್ದೋರು ಇಟ್ಟಲ್ಲೇ ಇರ್ತದ. ಇದು ಹಗುರ ಅದ ಅಂತ ಭಾರಾನ ನಾ ಬೇಕಾದಲ್ಲಿ ಇಟ್ಕೊಂಡೆ. ಆದ್ರ ಅದನ್ನ ಹೇಳಾಕ ಮೂರು ವಾರ ತಗೊಂಡೆ ನೋಡ್ರಿ, ಅದು ದಂಡ."

"ಹೈದರಾಬಾದ್‌ಗೂ ಈ ಕಲ್ಲೇ ಒಯ್ಯೂದೇನು?"

"ಒಯ್ಯೂಣು. ಅಲ್ಲಿ ಚೂರು ಕಮ್ಮಿ ಅನ್ನಿಸ್ತು ಅಂದ್ರ ನಾ ನಿಮ್ಗ ಹೇಳ್ತೀನಿ."

ಅವನು ಮತ್ತೆ ಅಂಗಳಕ್ಕೆ ಹೋಗಿ, ಇನ್ನೂ ಎರಡು ಪಟ್ಟಿ ಆರಿಸಿ ತಂದು ಅವಳ ಮುಂದೆ ಹಿಡಿದ. ಅವಳು ಒಂದೊಂದನ್ನೇ ಅಂಗೈಯಲ್ಲಿ ತೂಗಿ ನೋಡಿದಳು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು, "ಇದು ಬ್ಯಾಡರಿ" ಎಂದು ವಾಪಸು ಕೊಟ್ಟಳು.